ಒಂದೇ ರಾತ್ರಿಯಲ್ಲಿ ಸುಕ್ಕು ಹೋಗುತ್ತದೆಯೇ? ಮುಖದ ಕ್ರೀಮನ್ನು ಪರೀಕ್ಷಿಸುವ ಬಗೆ

ಮಲಗುವ ಮುಂಚೆ ಹಚ್ಚಿಕೊಂಡರೆ ಬೆಳಗಾಗುವುದರೊಳಗೆ ಮುಖದ ಸುಕ್ಕು ಕಡಿಮೆಯಾಗುತ್ತದೆ ಎನ್ನುವ ಕ್ರೀಮುಗಳ ಜಾಹೀರಾತು ಈಗ ಪ್ರತಿಯೊಂದು ಮೊಬೈಲಿನಲ್ಲಿಯೂ ಕಾಣಿಸುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನ ಫ್ಯಾನ್ಸಿ ಅಂಗಡಿಗಳಲ್ಲಿ ಮಾತ್ರವಲ್ಲ, ಹೊಸನಗರ, ಸೊರಬದಂಥ ಊರುಗಳ ಮೆಡಿಕಲ್ ಶಾಪುಗಳಲ್ಲಿಯೂ ‘ನೈಟ್ ಕ್ರೀಮ್’ ಎಂಬ ಡಬ್ಬಿ ಬಂದು ಕುಳಿತಿದೆ. ಬೆಲೆ ನೂರಿನ್ನೂರು ರೂಪಾಯಿಯಿಂದ ಹಿಡಿದು ಹಲವು ಸಾವಿರದವರೆಗೂ ಇದೆ. ಕೊಂಡವರನ್ನು ಕೇಳಿದರೆ ಒಬ್ಬರು ‘ಮರುದಿನವೇ ಗೊತ್ತಾಯಿತು’ ಎನ್ನುತ್ತಾರೆ, ಇನ್ನೊಬ್ಬರು ‘ದುಡ್ಡು ದಂಡ’ ಎನ್ನುತ್ತಾರೆ. ಇಬ್ಬರೂ ತಮಗೆ ಕಂಡದ್ದನ್ನೇ ಹೇಳುತ್ತಿರಬಹುದು. ಹಾಗಿದ್ದರೆ ಒಂದು ಕ್ರೀಮು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ವಿಜ್ಞಾನಿಗಳ ಬಳಿ ಒಂದು ವಿಧಾನವಿದೆ, ಮತ್ತು ಅದರ ಸರಳ ರೂಪವನ್ನು ಮನೆಯಲ್ಲಿಯೂ ಅನುಸರಿಸಬಹುದು. ಅದಕ್ಕೆ ಮೊದಲು ಸುಕ್ಕು ಎಲ್ಲಿ ಹುಟ್ಟುತ್ತದೆ ಎಂಬುದು ಸ್ಪಷ್ಟವಾಗಬೇಕು.

ಸುಕ್ಕು ಹುಟ್ಟುವ ಜಾಗ

ನಮ್ಮ ಚರ್ಮದಲ್ಲಿ ಮೇಲೆ ಹೊರಚರ್ಮ, ಅದರ ಕೆಳಗೆ ಒಳಚರ್ಮ ಎಂದು ಎರಡು ಮುಖ್ಯ ಪದರಗಳಿವೆ. ಹೊರಚರ್ಮದ ತೀರಾ ಮೇಲಿನ ಭಾಗ ಸತ್ತ ಜೀವಕೋಶಗಳ ಪೊರೆಯಾಗಿದ್ದು, ಮುಖದಲ್ಲಿ ಅದರ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಹೊರಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು, ಸತ್ತು, ಉದುರಿ ಹೋಗಲು ಹರೆಯದಲ್ಲಿ ಸುಮಾರು ನಾಲ್ಕು ವಾರ ಬೇಕಾಗುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ಒಳಚರ್ಮದಲ್ಲಿ ಕೊಲಾಜನ್ ಮತ್ತು ಇಲಾಸ್ಟಿನ್ ಎಂಬ ಪ್ರೋಟೀನಿನ ಎಳೆಗಳಿರುತ್ತವೆ. ಚರ್ಮಕ್ಕೆ ಬಲ ಕೊಡುವುದು ಕೊಲಾಜನ್, ಎಳೆದು ಬಿಟ್ಟಾಗ ಅದನ್ನು ಮೊದಲಿನ ಸ್ಥಿತಿಗೆ ತರುವುದು ಇಲಾಸ್ಟಿನ್.

ವಯಸ್ಸು ಏರಿದಂತೆ ಕೊಲಾಜನ್ ಉತ್ಪಾದನೆ ತಾನಾಗಿಯೇ ಕುಗ್ಗುತ್ತದೆ. ಆದರೆ ಮುಖದ ಮೇಲೆ ನಾವು ಕಾಣುವ ಮುಪ್ಪಿನ ಬಹುಪಾಲು ಬಿಸಿಲಿನಿಂದ ಬಂದದ್ದು. ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದೊಳಗೆ ಕೊಲಾಜನ್ ಎಳೆಗಳನ್ನು ತುಂಡರಿಸುವ ಕಿಣ್ವಗಳನ್ನು ಹೆಚ್ಚಿಸುತ್ತವೆ. ಈ ಕಿರಣಗಳಲ್ಲಿ ‘ಎ’ ಬಗೆಯವು ಕಿಟಕಿಯ ಗಾಜನ್ನೂ ದಾಟಿ ಬಂದು ಒಳಚರ್ಮವನ್ನು ತಲುಪುತ್ತವೆ. 2012ರಲ್ಲಿ ಅಮೆರಿಕದ ಒಂದು ಪ್ರಮುಖ ವೈದ್ಯಕೀಯ ಪತ್ರಿಕೆ 69 ವರ್ಷದ ಟ್ರಕ್ ಚಾಲಕರೊಬ್ಬರ ಭಾವಚಿತ್ರವನ್ನು ಪ್ರಕಟಿಸಿತ್ತು. ಅವರು 28 ವರ್ಷ ವಾಹನ ಓಡಿಸಿದ್ದರು. ಅಲ್ಲಿ ಚಾಲಕನ ಕಿಟಕಿ ಎಡಕ್ಕಿರುವುದರಿಂದ ಅವರ ಮುಖದ ಎಡಭಾಗ ದಪ್ಪಗಾಗಿ, ಆಳವಾದ ಗೆರೆಗಳಿಂದ ತುಂಬಿ, ಬಲಭಾಗಕ್ಕಿಂತ ಎಷ್ಟೋ ವರ್ಷ ಹೆಚ್ಚು ವಯಸ್ಸಾದಂತೆ ಕಾಣುತ್ತಿತ್ತು. ನಮ್ಮಲ್ಲಿ ಕಿಟಕಿ ಬಲಕ್ಕಿದೆ. ಶಿವಮೊಗ್ಗ–ತೀರ್ಥಹಳ್ಳಿ ದಾರಿಯಲ್ಲಿ ವರ್ಷಾನುಗಟ್ಟಲೆ ಬಸ್ಸು ಓಡಿಸಿದವರಲ್ಲಿ ಹೆಚ್ಚು ಬಿಸಿಲು ಉಣ್ಣುವುದು ಬಲಗೆನ್ನೆ.

ಹಾಗೆಂದು ಮುಖದ ಮೇಲಿನ ಪ್ರತಿಯೊಂದು ಗೆರೆಯೂ ಒಳಚರ್ಮದ್ದಲ್ಲ. ಮೇಲಿನ ಸತ್ತ ಪೊರೆಯಲ್ಲಿ ನೀರಿನಂಶ ಕಡಿಮೆಯಾದಾಗಲೂ ಸಣ್ಣ ಸಣ್ಣ ಗೆರೆಗಳು ಮೂಡುತ್ತವೆ, ಮುಖ್ಯವಾಗಿ ಕಣ್ಣಿನ ಕೆಳಗೆ. ಇವು ಒಣಗಿದ್ದರಿಂದ ಬಂದ ಗೆರೆಗಳು. ನಕ್ಕಾಗ ಕಣ್ಣಿನಂಚಿನಲ್ಲಿ ಮೂಡಿ, ನಗು ನಿಂತ ಮೇಲೂ ಉಳಿಯುವ ಆಳವಾದ ಗೆರೆಗಳು ಒಳಚರ್ಮದ ಸುಕ್ಕುಗಳು. ಕ್ರೀಮಿನ ಬಗ್ಗೆ ನಡೆಯುವ ವಾದಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ಬೆಳಗಿನ ಹೊಳಪು ಎಲ್ಲಿಂದ ಬಂತು?

ಒಂದೇ ರಾತ್ರಿಯಲ್ಲಿ ಮುಖ ನಯವಾಯಿತು ಎನ್ನುವವರ ಮಾತು ಸುಳ್ಳಲ್ಲ. ಯಾವುದೇ ಡಬ್ಬಿಯ ಹಿಂಬದಿಯಲ್ಲಿ ಮುದ್ರಿಸಿರುವ ಘಟಕಗಳ ಪಟ್ಟಿಯನ್ನು ನೋಡಿದರೆ, ಹೆಚ್ಚಿನವುಗಳಲ್ಲಿ ನೀರು ಮೊದಲು ಬರುತ್ತದೆ, ಬಳಿಕ ಗ್ಲಿಸರಿನ್ ಮತ್ತು ಯಾವುದಾದರೊಂದು ಜಿಡ್ಡಿನ ವಸ್ತು ಬರುತ್ತವೆ. ಗ್ಲಿಸರಿನ್, ಹೈಅಲುರೋನಿಕ್ ಆಮ್ಲದಂಥವು ನೀರನ್ನು ಹಿಡಿದಿಡುತ್ತವೆ. ಪೆಟ್ರೋಲಿಯಂ ಜೆಲ್ಲಿ, ಬೆಣ್ಣೆಯಂಥ ಸಸ್ಯಜನ್ಯ ಕೊಬ್ಬು, ಮೇಣ ಇವು ಚರ್ಮದಿಂದ ನೀರು ಆವಿಯಾಗಿ ಹೋಗುವುದನ್ನು ತಡೆಯುತ್ತವೆ. ರಾತ್ರಿ ಹೊತ್ತು ಚರ್ಮದಿಂದ ಹೊರಹೋಗುವ ನೀರಿನ ಪ್ರಮಾಣ ಹಗಲಿಗಿಂತ ಹೆಚ್ಚಿರುವುದರಿಂದ ಆಗ ಹಚ್ಚಿದ ಜಿಡ್ಡು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೆಳಗಾಗುವಾಗ ಸತ್ತ ಪೊರೆ ನೀರು ಕುಡಿದು ಉಬ್ಬಿರುತ್ತದೆ ಮತ್ತು ಒಣಗೆರೆಗಳು ಮುಚ್ಚಿಹೋಗಿರುತ್ತವೆ. ಸಿಲಿಕೋನ್ ಇರುವ ಕ್ರೀಮಾದರೆ ಅದು ಗೆರೆಯ ಕುಳಿಯಲ್ಲಿ ಕುಳಿತು ಮೇಲ್ಮೈಯನ್ನು ಸಮಮಾಡುತ್ತದೆ. ಅಭ್ರಕದ ಪುಡಿ ಸೇರಿದ್ದರೆ ಬೆಳಕು ಚೆದುರಿ ಮುಖ ಹೊಳೆಯುತ್ತದೆ.

ಮಾಗಿಯ ಚಳಿಯಲ್ಲಿ ಒಡೆದ ಹಿಮ್ಮಡಿಗೂ ತುಟಿಗೂ ಮುರುಗಲು ತುಪ್ಪ ಹಚ್ಚುವ ರೂಢಿ ಮಲೆನಾಡಿನ ಮನೆಗಳಲ್ಲಿ ಹಳೆಯದು. ಮುರುಗಲು ಹಣ್ಣಿನ ಬೀಜದಿಂದ ತೆಗೆದ, ಮುದ್ದೆ ಕಟ್ಟಿಟ್ಟರೆ ಗಟ್ಟಿಯಾಗಿಯೇ ಇರುವ, ಮೈಯ ಬಿಸಿಗೆ ಕರಗುವ ಈ ಕೊಬ್ಬು ಮಾಡುವುದೂ ಇದೇ ಕೆಲಸವನ್ನು, ಅಂದರೆ ನೀರನ್ನು ಒಳಗೇ ಉಳಿಸುವುದನ್ನು. ದೊಡ್ಡ ಕಂಪನಿಗಳ ಕೆಲವು ಕ್ರೀಮುಗಳ ಪಟ್ಟಿಯಲ್ಲಿ ಅದು ‘ಕೋಕಂ ಬಟರ್’ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ.

ಒಳಚರ್ಮಕ್ಕೆ ಇಳಿದು ಕೊಲಾಜನ್ ಹೆಚ್ಚಿಸುವುದು ಬೇರೆಯದೇ ಕೆಲಸ. ಅಣುಗಳ ತೂಕವನ್ನು ಡಾಲ್ಟನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಜಲಜನಕ ಪರಮಾಣುವಿನ ತೂಕ ಸುಮಾರು ಒಂದು ಡಾಲ್ಟನ್. ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟಿ ಒಳಹೋಗುವುದು ಬಲು ಕಷ್ಟ ಎಂಬ ಸ್ಥೂಲ ನಿಯಮವನ್ನು 2000ದಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ಮುಂದಿಟ್ಟರು. ಒಂದು ಕೊಲಾಜನ್ ಅಣುವಿನ ತೂಕ ಸುಮಾರು ಮೂರು ಲಕ್ಷ ಡಾಲ್ಟನ್. ‘ಕೊಲಾಜನ್ ಕ್ರೀಮ್’ ಎಂದು ಮಾರುವ ಡಬ್ಬಿಯಲ್ಲಿನ ಕೊಲಾಜನ್ ಚರ್ಮದ ಮೇಲೆಯೇ ಉಳಿದು ನೀರು ಹಿಡಿದಿಡಬಲ್ಲುದೇ ಹೊರತು ಒಳಗಿನ ಕೊಲಾಜನ್‌ಗೆ ಸೇರಿಕೊಳ್ಳಲಾರದು. ‘ಎ’ ಜೀವಸತ್ವದ ರೂಪವಾದ ರೆಟಿನಾಲ್ 286 ಡಾಲ್ಟನ್ ತೂಗುತ್ತದೆ, ಹಾಗಾಗಿ ಅದು ಒಳಗಿಳಿಯಬಲ್ಲುದು. ಆದರೆ ಅದರ ಪರಿಣಾಮಕ್ಕೂ ರಾತ್ರಿಗಳ ಬದಲು ತಿಂಗಳುಗಳೇ ಬೇಕು, ಏಕೆಂದರೆ ಹೊಸ ಕೊಲಾಜನ್ ಕಟ್ಟಿಕೊಳ್ಳುವುದು ನಿಧಾನದ ಕ್ರಿಯೆ. ರೆಟಿನಾಲನ್ನು ರಾತ್ರಿ ಹಚ್ಚಲು ಹೇಳುವುದು ಅದು ಬೆಳಕಿಗೆ ಕೆಡುತ್ತದೆ ಎಂಬ ಕಾರಣಕ್ಕೆ.

ಯಾವುದಕ್ಕೆ ಹೋಲಿಸಿ?

ತೋಟಕ್ಕೆ ಹೊಸ ಗೊಬ್ಬರ ತಂದ ಬೆಳೆಗಾರರೊಬ್ಬರು ಅದನ್ನು ಇಡೀ ತೋಟದ ಅಡಿಕೆ ಮರಗಳಿಗೂ ಹಾಕಿದರು ಎಂದುಕೊಳ್ಳೋಣ. ಆ ವರ್ಷ ಫಸಲು ಹೆಚ್ಚು ಬಂತು. ಗೊಬ್ಬರದಿಂದ ಬಂತೇ? ಆ ವರ್ಷ ಮಳೆ ಹದವಾಗಿತ್ತು, ಕೊಳೆರೋಗ ಕಾಡಲಿಲ್ಲ, ಹಿಂದಿನ ವರ್ಷ ಇಳುವರಿ ತೀರಾ ಬಿದ್ದಿದ್ದರಿಂದ ಈ ವರ್ಷ ಸಹಜವಾಗಿಯೇ ಏರಬೇಕಿತ್ತು. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಈಗ ಯಾರೂ ಹೇಳಲಾರರು. ಒಂದು ಸಾಲಿಗೆ ಹೊಸ ಗೊಬ್ಬರ, ಪಕ್ಕದ ಸಾಲಿಗೆ ಹಳೆಯದೇ ಗೊಬ್ಬರ ಎಂದು ಬಿಟ್ಟಿದ್ದರೆ ಮಳೆ, ರೋಗ, ನೆರಳು ಎರಡೂ ಸಾಲುಗಳಿಗೆ ಸಮನಾಗಿರುತ್ತಿದ್ದವು ಮತ್ತು ಉಳಿದ ವ್ಯತ್ಯಾಸ ಗೊಬ್ಬರದ್ದಾಗಿರುತ್ತಿತ್ತು.

ಕ್ರೀಮಿನ ಪರೀಕ್ಷೆಯಲ್ಲಿ ಆ ಪಕ್ಕದ ಸಾಲಿನ ಜಾಗದಲ್ಲಿ ‘ಆಧಾರ ಕ್ರೀಮ್’ ಇರುತ್ತದೆ. ಪರೀಕ್ಷೆಗೆ ಒಳಗಾದ ಘಟಕವೊಂದನ್ನು ಬಿಟ್ಟು ಉಳಿದದ್ದೆಲ್ಲವೂ ಇರುವ, ಅದೇ ಬಣ್ಣ, ಅದೇ ವಾಸನೆಯ ಕ್ರೀಮು ಅದು. ಏನನ್ನೂ ಹಚ್ಚದ ಮುಖಕ್ಕೆ ಹೋಲಿಸಿದರೆ ಯಾವ ಜಿಡ್ಡೂ ಗೆಲ್ಲುತ್ತದೆ, ಆದ್ದರಿಂದ ಆ ಹೋಲಿಕೆಯಿಂದ ತಿಳಿಯುವುದು ಅಲ್ಪ. ಯಾರಿಗೆ ಯಾವ ಕ್ರೀಮು, ಅಥವಾ ಮುಖದ ಯಾವ ಬದಿಗೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿದಂತೆ ಆಕಸ್ಮಿಕಕ್ಕೆ ಬಿಡುತ್ತಾರೆ. ಹಚ್ಚಿಕೊಳ್ಳುವವರಿಗೂ ಫಲಿತಾಂಶ ಅಳೆಯುವವರಿಗೂ ಯಾವುದು ಯಾವುದೆಂದು ಕೊನೆಯವರೆಗೆ ತಿಳಿಸುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ತಂದ ಕ್ರೀಮು ಹಚ್ಚಿಕೊಂಡವರು ಕನ್ನಡಿಯಲ್ಲಿ ಹುಡುಕುವುದೇ ಸುಧಾರಣೆಯನ್ನು. ಅದು ಮೋಸವಲ್ಲ, ಮನಸ್ಸಿನ ಸ್ವಭಾವ.

ಮಲೆನಾಡಿನಲ್ಲಿ ಇದಕ್ಕೆ ಋತುವಿನ ತೊಡಕೂ ಸೇರುತ್ತದೆ. ಫೆಬ್ರವರಿಯ ಒಣಗಾಳಿಯಲ್ಲಿ ಕ್ರೀಮು ಶುರುಮಾಡಿ ಜೂನ್ ಕೊನೆಗೆ ಮುಖ ನೋಡಿಕೊಂಡರೆ, ನಡುವೆ ಮುಂಗಾರು ಹಿಡಿದು ಗಾಳಿಯ ತೇವ ಏರಿರುತ್ತದೆ. ಏನೂ ಹಚ್ಚದಿದ್ದರೂ ಚರ್ಮ ಆಗ ಮೃದುವಾಗಿಯೇ ಇರುತ್ತದೆ. ಇದಕ್ಕೆ ವಿರುದ್ಧವಾಗಿ ಅಕ್ಟೋಬರಿನಲ್ಲಿ ಆರಂಭಿಸಿ ಜನವರಿಯಲ್ಲಿ ಅಳೆದರೆ, ಚಳಿಯ ಒಣಹವೆಯೂ, ಅಡಿಕೆ ಸುಗ್ಗಿಯ ಮನೆಗಳಲ್ಲಾದರೆ ಬೇಯಿಸುವ ಒಲೆಯ ಹೊಗೆ, ರಾತ್ರಿ ಸುಲಿಯುವ ಕೆಲಸದ ನಿದ್ದೆಗೇಡು ಕೂಡಿ ಒಳ್ಳೆಯ ಕ್ರೀಮಿಗೂ ಅನ್ಯಾಯವಾಗಬಹುದು. ಒಬ್ಬರದೇ ಮುಖದ ಎರಡು ಬದಿಗಳನ್ನು ಒಂದೇ ದಿನ ಹೋಲಿಸಿದಾಗ ಋತು ಇಬ್ಬದಿಗೂ ಸಮನಾಗುತ್ತದೆ.

ಅಳೆಯುವುದು ಹೇಗೆ?

ಮೇಲಿನ ಪೊರೆಯ ನೀರಿನಂಶವನ್ನು ಅದರ ವಿದ್ಯುತ್ ಗುಣದಿಂದ ಅಳೆಯುವ ಸಾಧನವಿದೆ. ಚರ್ಮವನ್ನು ಸ್ವಲ್ಪ ಹೀರಿ ಬಿಟ್ಟು, ಅದು ಎಷ್ಟು ಬೇಗ ಮರಳುತ್ತದೆ ಎಂದು ನೋಡುವ ಸಾಧನವೂ ಇದೆ. ಸುಕ್ಕಿನ ಆಳಕ್ಕೆ ಸಿಲಿಕೋನ್ ಅಚ್ಚು ತೆಗೆಯುತ್ತಾರೆ, ಇಲ್ಲವೇ ಮೂರು ಆಯಾಮದ ಚಿತ್ರ ತೆಗೆಯುತ್ತಾರೆ. ಕೊಲಾಜನ್ ಹೆಚ್ಚಿತೇ ಎಂದು ಖಚಿತವಾಗಿ ತಿಳಿಯಲು ಮೂರ್ನಾಲ್ಕು ಮಿಲಿಮೀಟರ್ ಚರ್ಮದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಜಾಹೀರಾತಿನಲ್ಲಿ ‘ಪ್ರಯೋಗಾಲಯದಲ್ಲಿ ಸಾಬೀತಾಗಿದೆ’ ಎಂದಿದ್ದರೆ ಏನನ್ನು ಅಳೆದು ಸಾಬೀತು ಮಾಡಿದರು ಎಂದು ಕೇಳಬೇಕು. ನೀರಿನಂಶ ಹೆಚ್ಚಿದ್ದು ಸಾಬೀತಾಗಿದ್ದರೆ ಅದು ನಿಜವೇ, ಆದರೆ ಅದಕ್ಕೂ ಒಳಚರ್ಮದ ಸುಕ್ಕಿಗೂ ಸಂಬಂಧವಿಲ್ಲ.

ನಡೆದಿರುವ ಮೂರು ಪ್ರಯೋಗಗಳು

ಟ್ರೆಟಿನಾಯಿನ್ ಎಂಬುದು ‘ಎ’ ಜೀವಸತ್ವದಿಂದ ಬಂದ ಔಷಧ. ಅಮೆರಿಕದಲ್ಲಿ 1971ರಲ್ಲಿ ಮೊಡವೆಗೆಂದು ಅದಕ್ಕೆ ಅನುಮತಿ ಸಿಕ್ಕಿತ್ತು. ಬಳಸಿದವರ ಚರ್ಮ ನಯವಾಗುತ್ತಿದೆ ಎಂಬ ಮಾತು ಕೇಳಿಬಂದ ಮೇಲೆ, 1988ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 30 ಜನರು ಒಂದು ಮುಂಗೈಗೆ ಟ್ರೆಟಿನಾಯಿನ್, ಇನ್ನೊಂದಕ್ಕೆ ಆಧಾರ ಕ್ರೀಮನ್ನು 16 ವಾರ ಹಚ್ಚಿದರು. ಅವರಲ್ಲಿ 15 ಜನ ಮುಖಕ್ಕೂ ಟ್ರೆಟಿನಾಯಿನ್ ಹಚ್ಚಿದರು. ಔಷಧ ಹಚ್ಚಿದ ಮುಂಗೈ 30 ಜನರಲ್ಲಿಯೂ ಸುಧಾರಿಸಿತು, ಮುಖ 15ರಲ್ಲಿ 14 ಜನರಲ್ಲಿ ಸುಧಾರಿಸಿತು. ಅದರ ಜೊತೆಗೆ ಶೇ 92ರಷ್ಟು ಜನರಿಗೆ ಚರ್ಮ ಕೆಂಪಾಗಿ ಉರಿದು ಸಿಪ್ಪೆ ಏಳುವ ತೊಂದರೆಯೂ ಆಯಿತು. ಕೆಲಸ ಮಾಡುವ ಔಷಧವೂ ನಾಲ್ಕು ತಿಂಗಳು ತೆಗೆದುಕೊಂಡಿತು ಮತ್ತು ಪುಕ್ಕಟೆಯಾಗಿ ಮಾಡಲಿಲ್ಲ.

ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ಕ್ರೀಮಿನ ಪ್ರಯೋಗಗಳಲ್ಲಿ ಹೆಚ್ಚು ಹೆಸರಾದದ್ದು ಬ್ರಿಟನ್ನಿನ ಬೂಟ್ಸ್ ಕಂಪನಿಯ ‘ನಂಬರ್ 7’ ಕ್ರೀಮಿನದು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ನಡೆಸಿ 2009ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 60 ಜನರಿದ್ದರು. ಆರು ತಿಂಗಳ ಬಳಿಕ ಕ್ರೀಮು ಹಚ್ಚಿದವರಲ್ಲಿ ಶೇ 43ರಷ್ಟು ಜನರ ಸುಕ್ಕು ಕಡಿಮೆಯಾಗಿತ್ತು. ಆಧಾರ ಕ್ರೀಮು ಹಚ್ಚಿದವರಲ್ಲಿಯೂ ಶೇ 22ರಷ್ಟು ಜನ ಸುಧಾರಿಸಿದ್ದರು. ಈ ಎರಡನೇ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. ಆಧಾರ ಕ್ರೀಮಿನ ಗುಂಪು ಇಲ್ಲದೇ ಹೋಗಿದ್ದರೆ ಶೇ 43 ಪೂರ್ತಿಯಾಗಿ ಕ್ರೀಮಿನ ಲೆಕ್ಕಕ್ಕೆ ಸೇರುತ್ತಿತ್ತು. ಅದರಲ್ಲಿ ಅರ್ಧದಷ್ಟು ಬರಿಯ ಜಿಡ್ಡು, ನೀರು, ಅಳೆಯುವವರ ಕಣ್ಣು ಇವುಗಳಿಂದಲೇ ಬರಬಹುದಿತ್ತು. ಆರು ತಿಂಗಳು ಹಚ್ಚಿದ ಮೇಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಗುಣ ಕಂಡಿರಲಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ.

ಮೂರನೆಯದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನದು, 2013ರಲ್ಲಿ ಪ್ರಕಟವಾದದ್ದು. 903 ಜನರಲ್ಲಿ ಕೆಲವರಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಿ, ಉಳಿದವರನ್ನು ಅವರವರ ಇಷ್ಟಕ್ಕೆ ಬಿಟ್ಟು, ಸುಮಾರು ನಾಲ್ಕೂವರೆ ವರ್ಷದ ಅವಧಿಯ ಮೊದಲೂ ಕೊನೆಗೂ ಅಂಗೈಯ ಹಿಂಬದಿಯ ಸಿಲಿಕೋನ್ ಅಚ್ಚು ತೆಗೆದು ಹೋಲಿಸಿದರು. ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ 24ರಷ್ಟು ಕಡಿಮೆಯಿತ್ತು. ರಾತ್ರಿಯ ಕ್ರೀಮಿಗೆ ಖರ್ಚು ಮಾಡಿ ಹಗಲಿನ ಬಿಸಿಲಿಗೆ ಮುಖವೊಡ್ಡುವುದು ಲೆಕ್ಕಕ್ಕೆ ಹೊಂದುವ ವ್ಯವಹಾರವಲ್ಲ ಎಂದು ನನಗನ್ನಿಸುವುದು ಈ ಪ್ರಯೋಗದಿಂದ.

‘ನೂರಕ್ಕೆ ತೊಂಬತ್ತು ಮಹಿಳೆಯರು ಒಪ್ಪಿದ್ದಾರೆ’ ಎಂಬಂಥ ಜಾಹೀರಾತಿನ ಅಂಕಿಗಳು ಈ ಜಾತಿಯವಲ್ಲ. ಕ್ರೀಮು ಕೊಟ್ಟು, ಕೆಲವು ವಾರಗಳ ಬಳಿಕ ‘ಚರ್ಮ ಮೃದುವಾದಂತೆ ಅನ್ನಿಸಿತೇ’ ಎಂದು ಕೇಳಿ ಪಡೆದ ಅಭಿಪ್ರಾಯಗಳು ಅವು. ಅಲ್ಲಿ ಹೋಲಿಕೆಗೆ ಎರಡನೇ ಸಾಲೇ ಇರುವುದಿಲ್ಲ.

ಮನೆಯಲ್ಲಿ ಮಾಡಿ ನೋಡುವವರಿಗೆ

ಕೊಂಡ ಕ್ರೀಮಿಗೆ ಎದುರಾಳಿಯಾಗಿ ವಾಸನೆಯಿಲ್ಲದ, ಅಗ್ಗದ, ಸಾದಾ ಮಾಯಿಶ್ಚರೈಸರೊಂದನ್ನು ಆರಿಸಬೇಕು. ಮನೆಯಲ್ಲಿ ಇನ್ನೊಬ್ಬರು, ಅತ್ತಿಗೆಯೋ ತಂಗಿಯೋ, ಎರಡನ್ನೂ ಒಂದೇ ಬಗೆಯ ಖಾಲಿ ಡಬ್ಬಿಗಳಿಗೆ ತುಂಬಿ ‘ಎಡ’, ‘ಬಲ’ ಎಂದು ನಾಣ್ಯ ಚಿಮ್ಮಿ ಗುರುತು ಹಾಕಿ, ಗುಟ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ನಾಣ್ಯ ಬೇಕಾದದ್ದು ಏಕೆಂದರೆ ಕಾರು ಓಡಿಸುವವರ ಬಲಗೆನ್ನೆ, ಒಂದೇ ಮಗ್ಗುಲಿಗೆ ಮಲಗುವವರ ಆ ಬದಿಯ ಕೆನ್ನೆ ಮೊದಲಿನಿಂದಲೂ ಸಮನಾಗಿರುವುದಿಲ್ಲ. ಮೊದಲು ಮೊಣಕೈಯ ಒಳಬದಿಗೆ ಕೆಲವು ದಿನ ಹಚ್ಚಿ, ತುರಿಕೆ ಉರಿ ಇಲ್ಲವೆಂದು ಖಚಿತಪಡಿಸಿಕೊಂಡು ಆರಂಭಿಸಬೇಕು. ಗರ್ಭಿಣಿಯರು ರೆಟಿನಾಲ್ ಇರುವ ಕ್ರೀಮನ್ನು ಬಳಸಬಾರದು. ಹಗಲಿನ ಸನ್‌ಸ್ಕ್ರೀನ್ ಎರಡೂ ಬದಿಗೆ ಒಂದೇ ಇರಲಿ. ಅವಧಿ ಕನಿಷ್ಠ ಹನ್ನೆರಡು ವಾರ.

ಫೋಟೋ ತೆಗೆಯುವುದರಲ್ಲಿಯೇ ಹೆಚ್ಚಿನ ಪ್ರಯೋಗಗಳು ಕೆಡುತ್ತವೆ. ಈಗಿನ ಮೊಬೈಲುಗಳು ಕೇಳದೆಯೇ ಮುಖವನ್ನು ನುಣುಪು ಮಾಡುತ್ತವೆ, ಹಾಗಾಗಿ ‘ಬ್ಯೂಟಿ’ ಎಂಬ ಆಯ್ಕೆಯನ್ನು ಆಫ್ ಮಾಡಿಬಿಡಬೇಕು. ಅದೇ ಕಿಟಕಿಯ ಎದುರು, ಅದೇ ಹೊತ್ತಿಗೆ, ಫ್ಲ್ಯಾಷ್ ಇಲ್ಲದೆ, ಕೂದಲು ಹಿಂದೆ ಕಟ್ಟಿ, ನಗದೆ, ಮುಖ ತೊಳೆದು ಅರ್ಧ ಗಂಟೆ ಬಿಟ್ಟು ತೆಗೆಯಬೇಕು. ಜಡಿಮಳೆಯ ದಿನ ತೆಗೆದ ಚಿತ್ರವನ್ನು ಬಿಸಿಲ ದಿನದ ಚಿತ್ರಕ್ಕೆ ಹೋಲಿಸಬಾರದು, ಮೋಡದ ಬೆಳಕಿನಲ್ಲಿ ಗೆರೆಗಳ ನೆರಳೇ ಬೀಳುವುದಿಲ್ಲ. ಹನ್ನೆರಡು ವಾರ ಮುಗಿದ ಮೇಲೆ ಎರಡೂ ಕ್ರೀಮುಗಳನ್ನು ಒಂದು ವಾರ ನಿಲ್ಲಿಸಿ ಮತ್ತೊಮ್ಮೆ ಚಿತ್ರ ತೆಗೆಯುವುದು ಈ ಪರೀಕ್ಷೆಯ ಜೀವಾಳ. ಹಚ್ಚುತ್ತಿದ್ದಾಗ ಕಂಡ ವ್ಯತ್ಯಾಸ ಆ ವಾರದಲ್ಲಿ ಮಾಯವಾದರೆ ಅದು ನೀರಿನದು. ಉಳಿದರೆ ಮಾತ್ರ ಇನ್ನೂ ಒಳಗಿನ ಬದಲಾವಣೆಯ ಬಗ್ಗೆ ಮಾತನಾಡಬಹುದು.

ತೀರ್ಪು ಹಚ್ಚಿಕೊಂಡವರದ್ದಾಗಬಾರದು. ಮನೆಯ ಪ್ರಯೋಗದಲ್ಲಿ ಎರಡು ಕ್ರೀಮುಗಳ ವಾಸನೆಯಿಂದಲೇ ಯಾವುದು ಯಾವುದೆಂದು ಅವರಿಗೆ ಗೊತ್ತಾಗಿಬಿಡುತ್ತದೆ. ಚೀಟಿ ನೋಡದ ಯಾರಾದರೊಬ್ಬರು ಚಿತ್ರ ನೋಡಿ, ಯಾವ ಬದಿಯಲ್ಲಿ ಗೆರೆ ಕಡಿಮೆ ಎಂದು ಹೇಳಲಿ. ಒಂದು ಮುಖದ ಮಟ್ಟಿಗೆ ಅವರ ಉತ್ತರ ಕ್ರೀಮಿನ ಬದಿಗೇ ಬಂದರೂ ಅದಕ್ಕೆ ಹೆಚ್ಚು ಬೆಲೆಯಿಲ್ಲ, ಏಕೆಂದರೆ ಕಣ್ಣು ಮುಚ್ಚಿ ಹೇಳಿದರೂ ಎರಡರಲ್ಲಿ ಒಂದು ಸಲ ಹಾಗೆ ಬರುತ್ತದೆ. ಸ್ತ್ರೀಶಕ್ತಿ ಸಂಘದ ಐವರು ಗೆಳತಿಯರು ಸೇರಿ ಒಂದೇ ಕ್ರೀಮನ್ನು ಹೀಗೆ ಪರೀಕ್ಷಿಸಿ, ಐದೂ ಮುಖಗಳಲ್ಲಿ ಉತ್ತರ ಕ್ರೀಮಿನ ಬದಿಗೇ ಬಂದರೆ, ಅದು ಬರಿಯ ಆಕಸ್ಮಿಕವಾಗಿರುವ ಸಂಭವ 32ರಲ್ಲಿ ಒಂದಕ್ಕೆ ಇಳಿಯುತ್ತದೆ.

ತೀರಾ ಬೇಗ ಕೆಲಸ ಮಾಡುವ ಕ್ರೀಮು

ಎರಡು ಮೂರು ದಿನದಲ್ಲೇ ಮುಖ ಬೆಳ್ಳಗೆ, ನುಣ್ಣಗೆ ಆಯಿತೆಂದರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕು. ಬೀಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಸ್ಟಿರಾಯಿಡ್‌ಗಳು ಹಚ್ಚಿದ ಕೆಲವೇ ಗಂಟೆಗಳಲ್ಲಿ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಬಣ್ಣವನ್ನು ತಿಳಿಯಾಗಿಸುತ್ತವೆ. ತಿಂಗಳುಗಟ್ಟಲೆ ಬಳಸಿದರೆ ಅವೇ ಕೊಲಾಜನ್ ಕುಂದಿಸಿ, ಚರ್ಮವನ್ನು ತೆಳುವಾಗಿಸಿ, ಕೆಂಪು ನರಗಳು ಕಾಣುವಂತೆ ಮಾಡುತ್ತವೆ, ಅಂದರೆ ಮುಪ್ಪನ್ನು ಬೇಗ ಕರೆತರುತ್ತವೆ. ಕಾನೂನಿನ ಪ್ರಕಾರ ಇವು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳು, ಟ್ರೆಟಿನಾಯಿನ್ ಕೂಡ ಹಾಗೆಯೇ. ಪಾದರಸದ ಲವಣಗಳನ್ನು ಸೌಂದರ್ಯವರ್ಧಕಗಳಲ್ಲಿ ಸೇರಿಸುವುದನ್ನು 2020ರ ನಿಯಮಗಳು ನಿಷೇಧಿಸಿವೆ. ಆದರೂ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಏನೂ ಇಲ್ಲದ ಡಬ್ಬಿಗಳಲ್ಲಿ ಅದು ಸಿಕ್ಕಿದ್ದಿದೆ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಅಂಥ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಯಾಗಿತ್ತು.

ಚೀಟಿಯಿಲ್ಲದೆ ಸಿಗುವ ಕ್ರೀಮುಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ‘ಸೌಂದರ್ಯವರ್ಧಕ’ಗಳು, ಅಂದರೆ ಶುಚಿಮಾಡಲು, ಅಂದ ಹೆಚ್ಚಿಸಲು, ನೋಟವನ್ನು ಬದಲಿಸಲು ಬಳಸುವ ವಸ್ತುಗಳು. ಔಷಧಕ್ಕೆ ಕೇಳುವಂಥ ಪ್ರಯೋಗದ ಪುರಾವೆಯನ್ನು ಅವುಗಳಿಗೆ ಮಾರಾಟಕ್ಕೆ ಮೊದಲು ಕೇಳುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಹೀಗೆ ಬೇಗ ಬೆಳ್ಳಗಾದ ಮುಖ, ಕ್ರೀಮು ಬಿಟ್ಟ ಕೂಡಲೇ ಕೆಂಪಾಗಿ ಉರಿಯತೊಡಗಿದರೆ ಅದನ್ನೇ ಮತ್ತೆ ಹಚ್ಚಿ ಸುಮ್ಮನಾಗಿಸುವ ಬದಲು ಶಿವಮೊಗ್ಗದ ಮೆಗ್ಗಾನ್‌ನಂಥ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗುವುದು ಒಳ್ಳೆಯದು. ಹೋಗುವಾಗ ಡಬ್ಬಿಯನ್ನೂ ಅದರ ರಟ್ಟಿನ ಪೆಟ್ಟಿಗೆಯನ್ನೂ ಜೊತೆಗೆ ಒಯ್ಯಬೇಕು, ವೈದ್ಯರು ಮೊದಲು ಕೇಳುವುದು ಅದನ್ನೇ.